ಹೌದವ್ವ ಅನ್ನುವ ತನಕ ಕಾಯುವ ಪಿಯಾನೊ

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂಬತ್ತನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಹಾಗಾಗಿ ಶಬ್ದಗಳೂ ಕಡಿಮೆ. ಒಂದೊಂದು ಸಾಲನ್ನು ಎರಡೆರಡು ಸಲ ಓದಿ ನೋಡಿದ್ದೇನೆ, ಆದರೂ ತಪ್ಪು ಉಳಿದಿರಬಹುದು. ಇದು ನಮ್ಮ ತಿಕೋಂಡಿಯ ಚಾಂದಬಿಯವರ ವಿಷಯ. ಕಥೆಯಂತೆ ಬರೆಯುವಾಗ ‘ಅವಳು’ ಎಂದೇ ಬರೆದಿದ್ದೇನೆ, ದೊಡ್ಡವರು ತಪ್ಪು ತಿಳಿಯಬಾರದು. ನನ್ನ ಮಾತು ಇಲ್ಲಿಗೆ ಸಾಕು.

ಚಾಂದಬಿ ಹುಟ್ಟಿದ್ದು ಅಸಂಗಿಯಲ್ಲಿ. ತಂದೆ ಫರೀದಸಾಹೇಬ ಪೇಟಿ ರಿಪೇರಿ ಮಾಡುತ್ತಿದ್ದ. ಪುಸ್ತಕದಲ್ಲಿ ಹಾರ್ಮೋನಿಯಂ ಎಂದು ಬರೆಯುವುದಕ್ಕೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಮಠದ ಪೇಟಿ, ಭಜನಿ ಮೇಳದ ಪೇಟಿ, ಮೊಹರಮ್ಮಿನಲ್ಲಿ ರಿವಾಯತ ಹಾಡುವವರ ಪೇಟಿ, ಎಲ್ಲವೂ ಅವನ ಅಂಗಳಕ್ಕೇ ಬರುತ್ತಿದ್ದವು. ಹೆಚ್ಚಿನವುಗಳ ರೋಗ ಒಂದೇ, ತಿದಿಯಲ್ಲಿ ಎಲ್ಲೋ ಗಾಳಿ ಸೋರುವುದು. ತಿದಿಯ ಪಕ್ಕಕ್ಕೆ ಕೆನ್ನೆ ಹಿಡಿದು ಸೋರುವ ಜಾಗ ಹೇಳುವುದು ಮಗಳ ಕೆಲಸವಾಗಿತ್ತು. ರಿಪೇರಿಯಾದ ಪೇಟಿ ಸರಿಯಾಗಿದೆಯೋ ಇಲ್ಲವೋ ಎಂದು ನುಡಿಸಿ ನೋಡುವುದೂ ಅವಳದೇ. ಹಾಗೆ ನೋಡುತ್ತ ನೋಡುತ್ತ ನುಡಿಸಲು ಕಲಿತಳು. ಯಾರೂ ಕೂತು ಕಲಿಸಲಿಲ್ಲ.

ಹತ್ತೊಂಬತ್ತಕ್ಕೆ ತಿಕೋಂಡಿಯ ಗೌಸನ ಜೊತೆ ನಿಕಾ ಆಯಿತು. ಗೌಸ ವಾರದ ಸಂತೆಗಳಲ್ಲಿ ಬಳೆ ಮಾರುತ್ತಾನೆ. ಮದುವೆಯಾಗಿ ಬಂದ ಎರಡನೆಯ ವರ್ಷ ಅವಳು ಬಳೆಯ ಬುಟ್ಟಿ ಹೊತ್ತು, ಹೆಂಗಸರ ಭಜನಿ ಮೇಳ ನಡೆಸುವ ಸಿದ್ದಲಿಂಗವ್ವನ ಮನೆಗೆ ಹೋಗಿದ್ದಳು. ಪಡಸಾಲೆಯಲ್ಲಿ ಒಂದು ಪೇಟಿ ಇತ್ತು. ಮಾತಿನ ಮಧ್ಯೆ ಅದರ ತಿದಿ ಮುಟ್ಟಿ, ಮೂಲೆಯಲ್ಲಿ ಸೋರುತ್ತದೆ ಎಂದಳು. ಸಿದ್ದಲಿಂಗವ್ವ ಬಳೆ ಇಡಿಸಿಕೊಳ್ಳುವುದನ್ನು ಅಲ್ಲಿಗೇ ಬಿಟ್ಟು, ಅವಳಿಗೆ ಪೇಟಿ ನುಡಿಸಲು ಹೇಳಿದಳು. ಮುಂದಿನ ಸೋಮವಾರದಿಂದ ಹೆಂಗಸರ ಭಜನೆಗೆ ಪೇಟಿ ನುಡಿಸುವವಳು ಅವಳಾದಳು. ಸಿದ್ದಲಿಂಗವ್ವನ ಎಡಕ್ಕೆ, ಕಂಬಕ್ಕೆ ಬೆನ್ನು ಕೊಟ್ಟು ಕೂಡುವುದು ಅವಳ ಜಾಗ. ಇಪ್ಪತ್ತು ವರ್ಷ ಆ ಜಾಗದಲ್ಲಿ ಬೇರೆಯವರು ಕೂತಿಲ್ಲ.

ಆ ಪಡಸಾಲೆಯಲ್ಲಿ ಒಂದು ಪದ್ಧತಿ ಇದೆ. ಸಿದ್ದಲಿಂಗವ್ವ ಪದದ ಒಂದು ನುಡಿ ಮುಗಿಸುವಾಗ ಕೊನೆಯ ಶಬ್ದವನ್ನು ಮೇಲಕ್ಕೆ ಏರಿಸಿ ಹಿಡಿಯುತ್ತಾಳೆ. ಎದುರಿಗೆ ಎಲ್ಲರಿಗಿಂತ ಹಿರಿಯಳಾದ ರುಕ್ಮವ್ವ ಕೂತಿರುತ್ತಾಳೆ. ನುಡಿಯ ಅರ್ಥ ತನಗೆ ಮುಟ್ಟಿತು ಎನ್ನಿಸಿದಾಗ ರುಕ್ಮವ್ವ “ಹೌದವ್ವ” ಎನ್ನಬೇಕು. ಆಮೇಲೆಯೇ ಹಾಡುವವಳು ಕೆಳಗಿಳಿಯಬೇಕು. ಕೆಲವು ಸಲ ರುಕ್ಮವ್ವ ಲಗೂನೆ ಅನ್ನುತ್ತಾಳೆ. ಕೆಲವು ಸಲ ಕಣ್ಣು ಮುಚ್ಚಿ, ಎಲೆ ಅಡಿಕೆ ಜಗಿಯುತ್ತ, ಕೇಳಿಸಲೇ ಇಲ್ಲ ಎಂಬಂತೆ ಕೂತುಬಿಡುತ್ತಾಳೆ. ಅಲ್ಲಿಯವರೆಗೆ ಪೇಟಿಯವಳು ಷಡ್ಜ ಹಿಡಿದು, ಗಾಳಿ ಕಡಿಯದಂತೆ ನೋಡಿಕೊಳ್ಳಬೇಕು. ಬಲಗೈ ಒಂದು ಸ್ವರದ ಮೇಲೆ ಸುಮ್ಮನೆ ಕೂತಿರುತ್ತದೆ. ಕೆಲಸವೆಲ್ಲ ಎಡಗೈಯದು. ಚಾಂದಬಿಯ ಎಡಗೈ ತಿದಿ ಒತ್ತುವುದು ನೋಡಿದರೆ ತೊಟ್ಟಿಲು ತೂಗಿದಂತೆ ಇರುತ್ತಿತ್ತು.

ಎರಡು ವರ್ಷದ ಹಿಂದೆ ಮೇವು ಕತ್ತರಿಸುವ ಮಷೀನಿನಲ್ಲಿ ಅವಳ ಬಲಗೈಯ ಮೂರು ಬೆರಳು ಹೋದವು. ಮಿರಜ ದವಾಖಾನೆಯಲ್ಲಿ ಹನ್ನೊಂದು ದಿನ ಇದ್ದು ಬಂದಳು. ಗಾಯ ಮಾಗಿತು. ರೊಟ್ಟಿ ಬಡಿಯುವುದನ್ನು ಎಡಗೈಯಿಂದ ಕಲಿತಳು. ಪೇಟಿ ಮಾತ್ರ ಆಗಲಿಲ್ಲ. ಎಡಗೈ ಮೂವತ್ತು ವರ್ಷ ಗಾಳಿಯನ್ನಷ್ಟೇ ಬಲ್ಲದ್ದು. ಅದನ್ನು ಸ್ವರಗಳ ಮೇಲೆ ಇಟ್ಟರೆ ಹೊಸ ಊರಿಗೆ ಬಂದವರಂತೆ ಮನೆ ಮನೆಯ ಮುಂದೆ ನಿಂತು ವಿಚಾರಿಸುತ್ತ ಹೋಗುತ್ತಿತ್ತು.

ಅಲ್ಲಿಂದ ಸುಮಾರು ಎರಡು ವರ್ಷ ಮೇಳ ಬರಿ ತಾಳದ ಮೇಲೆ ಹಾಡಿತು. ಚಾಂದಬಿ ತನ್ನ ಜಾಗದಲ್ಲೇ ಕೂತು ಚಪ್ಪಾಳೆ ಹಾಕುತ್ತಿದ್ದಳು. ಚಪ್ಪಾಳೆಯೂ ಅವಳಿಗೆ ತೊಡೆಯ ಮೇಲೆ ಒಂದೇ ಕೈಯದು. ಈ ವರ್ಷ ಶ್ರಾವಣದಲ್ಲಿ ಬಿಳೂರಿನಲ್ಲಿ ಭಜನಿ ಸ್ಪರ್ಧೆ ಎಂದು ಸುದ್ದಿ ಬಂತು. ಮೇಳದವರು ಹೆಸರು ಕೊಟ್ಟರು. ಪೇಟಿ ಇಲ್ಲದೆ ಸ್ಪರ್ಧೆಗೆ ಹೋಗುವಂತಿರಲಿಲ್ಲ. ಅಸಂಗಿಯಲ್ಲಿ ಪೇಟಿ ನುಡಿಸುವ ರೇವಪ್ಪ ಬರಲು ಒಪ್ಪಿದ್ದಾನೆ, ಆದರೆ ಒಂದು ದಿನಕ್ಕೆ ಬರುವುದಿಲ್ಲ, ಬಂದರೆ ಪ್ರತಿ ಸೋಮವಾರವೂ ತಾನೇ ನುಡಿಸುವವನು ಅನ್ನುತ್ತಾನೆ ಎಂದು ಸಿದ್ದಲಿಂಗವ್ವ ಚಾಂದಬಿಗೆ ಮುಚ್ಚುಮರೆ ಇಲ್ಲದೆ ಹೇಳಿದಳು. ಶ್ರಾವಣದ ಮೊದಲನೆಯ ಸೋಮವಾರದವರೆಗೆ ಏನಾದರೂ ದಾರಿ ಆದರೆ ನೋಡು, ಇಲ್ಲವಾದರೆ ಅವನನ್ನು ಕರೆಯುತ್ತೇನೆ ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಮೇಳ ನಡೆಯಬೇಕಲ್ಲ.

ದಾರಿ ತೋರಿಸಿದವನು ರವಿಕುಮಾರ. ಅವನಿಗೆ ಜತ್ತದಲ್ಲಿ ಸೌಂಡ್ ಸಿಸ್ಟಮ್ಮಿನ ಅಂಗಡಿ ಇದೆ. ಮದುವೆಯಲ್ಲಿ ಹಾಡುವವರಿಗೆ ಟ್ರ್ಯಾಕ್ ಮಾಡಿಕೊಡುತ್ತಾನೆ. ಅವನ ಹತ್ತಿರ ಒಂದು ಸಾಫ್ಟ್‌ವೇರ್ ಇದೆ. ಪದದ ಸ್ವರಗಳನ್ನೂ ಲಯವನ್ನೂ ತುಂಬಿಕೊಟ್ಟರೆ ಹಾಡಿನ ಹಿಂದೆ ಅದು ತಾನಾಗಿ ಪಿಯಾನೊ ನುಡಿಸುತ್ತದೆ. ಅದರಲ್ಲಿ ಪೇಟಿ ಇರಲಿಲ್ಲ. ಹಳೆಯ ಟ್ಯಾಬಿನಲ್ಲಿ ಅದನ್ನು ಹಾಕಿ, ಒಂದು ಸಣ್ಣ ಸ್ಪೀಕರ್ ಜೊತೆಗಿಟ್ಟು, ಬೆರಳು ಎಲ್ಲೆಲ್ಲಿ ಒತ್ತಬೇಕು ಎಂದು ತೋರಿಸಿ ಕಳಿಸಿದ.

ಪಿಯಾನೊ ನುಡಿಸುವ ರೀತಿಗಳು ಅದರಲ್ಲಿ ಮೂವತ್ತೊಂದು ಇದ್ದವು. ಚಾಂದಬಿ ನಾಲ್ಕು ದಿನ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಒಂದನ್ನೂ ಬಿಡದೆ ಕೇಳಿದಳು. ಹೆಸರುಗಳು ಇಂಗ್ಲಿಷಿನವು, ಆದ್ದರಿಂದ ತಾನೇ ಗುರುತು ಇಟ್ಟುಕೊಂಡಳು. ಒಂದು ತಗಡಿನ ಪತ್ರಾಸಿನ ಮೇಲೆ ಮಳೆಹನಿ ಬೀಳುವಂಥದ್ದು. ಒಂದು ಮೂರು ಹೆಜ್ಜೆಗೊಮ್ಮೆ ಕುಂಟುವಂಥದ್ದು. ಒಂದು ಹಾಡುವವರಿಗಿಂತ ತಾನೇ ಹೆಚ್ಚು ಮಾತಾಡುವಂಥದ್ದು. ಚರ್ಚಿನಲ್ಲಿ ಗುಂಪಾಗಿ ಹಾಡುವವರಿಗೆಂದು ಮಾಡಿದ್ದು ಅವಳಿಗೆ ಸ್ವಲ್ಪ ಹಿಡಿಸಿತು. ಆದರೆ ಅದರಲ್ಲೂ ಪಿಯಾನೊದ ಎಡಗೈ ಕೆಳಗಿನ ಸ್ವರಗಳಲ್ಲಿ ತನ್ನಷ್ಟಕ್ಕೆ ತಿರುಗಾಡುತ್ತಿತ್ತು. ಪೇಟಿಯಲ್ಲಿ ನುಡಿಸುವುದು ಒಂದೇ ಕೈ. ಇನ್ನೊಂದು ಕೈ ಹೀಗೆ ನಡುವೆ ಬಾಯಿ ಹಾಕಿದರೆ ಸಿದ್ದಲಿಂಗವ್ವನ ಗಾಂಧಾರ ಜಾಗ ಬಿಡುತ್ತದೆ ಎಂದು ಅವಳಿಗೆ ಕೇಳಿದ ಕೂಡಲೇ ತಿಳಿಯಿತು. ಫೋನಿನಲ್ಲಿ ರವಿಕುಮಾರನನ್ನು ಕೇಳಿ ಆ ಕೈಯನ್ನು ಬಂದ್ ಮಾಡಿಸಿದಳು. ಸ್ವರವನ್ನು ಸಿದ್ದಲಿಂಗವ್ವ ಹಾಡುವ ಶ್ರುತಿಗೆ, ಅಂದರೆ ಪೇಟಿಯ ಕರಿ ನಾಲ್ಕಕ್ಕೆ, ತಂದಳು.

ಶ್ರಾವಣ ಸೋಮವಾರಕ್ಕೆ ಎರಡು ವಾರ ಇರುವಾಗ ಮೊದಲ ಸಲ ಅದನ್ನು ಪಡಸಾಲೆಗೆ ತಂದಾಗ ಒಂದು ನುಡಿಯೂ ನೆಟ್ಟಗೆ ಮುಗಿಯಲಿಲ್ಲ. ಸಿದ್ದಲಿಂಗವ್ವ ಮೇಲೆ ಹಿಡಿದು ನಿಂತಿದ್ದಳು, ರುಕ್ಮವ್ವ ಇನ್ನೂ ಅಂದಿರಲಿಲ್ಲ, ಪಿಯಾನೊ ನಾಲ್ಕು ಆವರ್ತನ ಮುಗಿಸಿ ಮುಂದಿನ ನುಡಿಗೆ ಹೊರಟೇಹೋಯಿತು. ತಾಳದವರಲ್ಲಿ ಅರ್ಧ ಮಂದಿ ಅದರ ಹಿಂದೆ ಹೋದರು, ಅರ್ಧ ಮಂದಿ ಉಳಿದರು.

“ಯಾಕ ಚಾಂದಬಿ,” ಎಂದಳು ರುಕ್ಮವ್ವ, “ನಿನ್ನ ಪೆಟ್ಟಿಗಿಗೆ ಕಡೀ ಬಸ್ಸು ತಪ್ಪತದೇನ?”

ಎಲ್ಲರೂ ನಕ್ಕರು. ಚಾಂದಬಿಯೂ ನಕ್ಕಳು.

ಅವಳು ಮಾಡಿದ ತಪ್ಪು ಆಮೇಲಿನದು. ಆ ದಿನ ಟ್ಯಾಬು ಬಂದ್ ಮಾಡಿ ಮತ್ತೆ ಬರಿ ತಾಳದ ಮೇಲೆ ಹಾಡಿದ್ದನ್ನು ಗೌಸನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಮನೆಯಲ್ಲಿ ಕೂತು ಸಿದ್ದಲಿಂಗವ್ವ ಒಂದೊಂದು ನುಡಿಯ ಕೊನೆಯನ್ನು ಎಷ್ಟು ಹೊತ್ತು ಹಿಡಿಯುತ್ತಾಳೆ ಎಂದು ಎಣಿಸಿದಳು. ಮೊದಲನೆಯದು ಆರು ಆವರ್ತನ, ಎರಡನೆಯದು ಹನ್ನೊಂದು, ಮೂರನೆಯದು ಏಳು. ಸಾಫ್ಟ್‌ವೇರಿನಲ್ಲಿ ಹಾಗೇ ತುಂಬಿದಳು. ಒಂದು ಅಂಕಿಯೂ ತಪ್ಪಲಿಲ್ಲ.

ಮುಂದಿನ ಸೋಮವಾರ ಪದ ಮೊದಲಿನಿಂದ ಕೊನೆಯವರೆಗೆ ಎಲ್ಲಿಯೂ ತಡವರಿಸಲಿಲ್ಲ. ತಾಳ ಒಡೆಯಲಿಲ್ಲ. ಹೆಂಗಸರು ಚಲೋ ಆಯಿತು, ಇನ್ನು ಬಿಳೂರಿಗೆ ಹೋಗಲು ಅಡ್ಡಿಯಿಲ್ಲ ಎಂದರು. ಸಿದ್ದಲಿಂಗವ್ವನೂ ಸಾಕು, ಇಷ್ಟಾದರೆ ರೇವಪ್ಪ ಬೇಡ ಎಂದಳು. ಜಾಗ ಉಳಿದಿತ್ತು. ಚಾಂದಬಿ ಟ್ಯಾಬನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದಳು. ಗೌಸನಿಗೆ ಊಟಕ್ಕೆ ಹಾಕುವಾಗ ನೆನಪಾಯಿತು. ಆ ದಿನ ರುಕ್ಮವ್ವ ಒಂದು ಸಲವೂ “ಹೌದವ್ವ” ಅಂದಿರಲಿಲ್ಲ. ಸಿದ್ದಲಿಂಗವ್ವ ಅವಳ ಕಡೆ ನೋಡಿಯೂ ಇರಲಿಲ್ಲ. ಟ್ಯಾಬಿನ ಮೇಲೆ ಓಡುವ ಕೆಂಪು ಗೆರೆಯನ್ನು ನೋಡುತ್ತ, ಅದು ಮುಗಿಯುವ ಹೊತ್ತಿಗೆ ಸರಿಯಾಗಿ ತಾನೇ ಇಳಿದುಬಿಟ್ಟಿದ್ದಳು.

ಮರುದಿನ ಮುಂಜಾನೆ ಚಾಂದಬಿ ಅವಳ ಮನೆಗೆ ಹೋದಳು. ಸಿದ್ದಲಿಂಗವ್ವ ಜೋಳ ಹಸನು ಮಾಡುತ್ತಿದ್ದಳು.

“ಅಕ್ಕಾ, ನಿನ್ನಿ ನೀವು ಹಾಡಲಿಲ್ರಿ,” ಎಂದಳು ಚಾಂದಬಿ. “ಪೆಟ್ಟಿಗಿ ಹಾಡ್ತು, ನೀವು ಅದರ ಬೆನ್ನ ಹತ್ತಿ ಹೋದ್ರಿ.”

ಸಿದ್ದಲಿಂಗವ್ವ ಮೊರದಿಂದ ತಲೆ ಎತ್ತಲಿಲ್ಲ. “ನಿನಗ ಜಾಗಾ ಬೇಕಾಗಿತ್ತಲ್ಲ?”

“ಬೇಕ್ರಿ. ಹಿಂಗ ಬ್ಯಾಡ.”

“ಮತ್ತ ರೇವಪ್ಪನ್ನ ಕರೀಲಿ?”

ಚಾಂದಬಿ ಮೊರದ ಪಕ್ಕಕ್ಕೆ ಕೂತಳು. ಶ್ರಾವಣ ಸೋಮವಾರಕ್ಕೆ ಇನ್ನೂ ಆರು ದಿನ ಇವೆಯಲ್ಲ, ಅಲ್ಲಿಯ ತನಕ ತಡೆಯಿರಿ ಎಂದಳು. ಸಿದ್ದಲಿಂಗವ್ವ ಆಗಲಿ ಎಂದಳು. ಒಂದು ಮೊರ ಮುಗಿಯುವವರೆಗೆ ಇಬ್ಬರೂ ಕಲ್ಲು ಆರಿಸಿದರು.

ಆ ದಿನವೇ ಅವಳು ಬಸ್ಸು ಹತ್ತಿ ಜತ್ತಕ್ಕೆ ಹೋದಳು. ರವಿಕುಮಾರ ಗಿರಾಕಿಯ ಜೊತೆ ಮರಾಠಿಯಲ್ಲಿ ಮಾತಾಡುತ್ತಿದ್ದವನು, ಅವನನ್ನು ಕಳಿಸಿ ಅವಳಿಗೆ ಕುರ್ಚಿ ಹಾಕಿದ. ಅವಳು ಎಲ್ಲ ಹೇಳಿದಳು. ಅವನು ನಕ್ಕು ಒಂದು ಪುಟ ತೆರೆದು ತೋರಿಸಿದ. ಸಾಫ್ಟ್‌ವೇರ್ ಮಾಡುವ ಕಂಪನಿಯವರು, ನಿಮಗೆ ಇನ್ನೂ ಎಂಥ ಪಿಯಾನೊ ಬೇಕು ಎಂದು ಬಳಸುವವರನ್ನೆಲ್ಲ ಕೇಳಿದ್ದರು. ದೇಶ ದೇಶದವರು ಬರೆದಿದ್ದರು. ಒಬ್ಬನಿಗೆ ಹೋಟೆಲಿನಲ್ಲಿ ಊಟ ಮಾಡುವವರಿಗೆ ಕೇಳಿಸುವಂಥ ಮೆತ್ತಗಿನದು ಬೇಕಿತ್ತು. ಒಬ್ಬನಿಗೆ ಹಳೆಯ ಸಿನಿಮಾದಂಥದ್ದು. ಒಬ್ಬ ಎಡಗೈ ಬಹಳ ದೂರ ಜಿಗಿಯುವಂಥದ್ದು ಬೇಕೆಂದಿದ್ದ.

“ನಿಮಗ ಎಂಥಾದ್ದು ಬೇಕ್ರಿ ಮಾವಶಿ? ಬರದು ಕಳಸ್ತೀನಿ,” ಎಂದ.

“ಎದುರಿಗೆ ಕುಂತಾಕಿ ಹೌದವ್ವ ಅನ್ನೂತನಾ ಕಾಯೂವಂಥಾದ್ದು ಬೇಕಪ್ಪ.”

ರವಿಕುಮಾರ ಬರೆದುಕೊಳ್ಳಲು ಹೋಗಿ ನಿಲ್ಲಿಸಿದ. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು ಎಂದು ಯೋಚಿಸಿದ. ಆಮೇಲೆ, ಅವರು ಮಾಡಿದಾಗ ಮಾಡಲಿ, ಸದ್ಯಕ್ಕೆ ಒಂದು ಉಪಾಯ ಇದೆ ಎಂದು ಟ್ಯಾಬಿನ ಮೂಲೆಯಲ್ಲಿ ಒಂದು ಗುಂಡಿ ತೋರಿಸಿದ. ಅದರ ಮೇಲೆ ಬೆರಳು ಒತ್ತಿ ಹಿಡಿದರೆ ಪಿಯಾನೊ ಇದ್ದ ಆವರ್ತನದಲ್ಲೇ ಸುತ್ತುತ್ತಿರುತ್ತದೆ. ಬಿಟ್ಟರೆ ಮುಂದೆ ಹೋಗುತ್ತದೆ. ಮದುವೆಯ ಟ್ರ್ಯಾಕುಗಳಿಗೆ ಅದು ಬೇಕಾಗುವುದಿಲ್ಲವಾದ್ದರಿಂದ ಮೊದಲೇ ಹೇಳಿರಲಿಲ್ಲ ಎಂದ.

ಇನ್ನೊಂದು ತೊಡಕು ಉಳಿದಿತ್ತು. ಪೇಟಿಯ ಸ್ವರ ಗಾಳಿ ಇರುವ ತನಕ ಬದುಕಿರುತ್ತದೆ. ಪಿಯಾನೊದ್ದು ಹೊಡೆದ ಕೂಡಲೇ ಸಾಯಲು ಶುರು ಮಾಡುತ್ತದೆ. ಅದಕ್ಕೆ ಪ್ರತಿ ನುಡಿಯ ಕೊನೆಯ ಆವರ್ತನದಲ್ಲಿ ಬೇರೆ ಏನೂ ಬೇಡ, ಷಡ್ಜ ಒಂದನ್ನೇ ಮಾತ್ರೆಗೊಮ್ಮೆ ಹೊಡೆಯಲಿ ಎಂದು ಅವಳು ಹೇಳಿದಳು. ರವಿಕುಮಾರ ಹಾಗೆ ಮಾಡಿಕೊಟ್ಟ.

ಮನೆಯಲ್ಲಿ ಐದು ದಿನ ರೂಢಿ ಮಾಡಿದಳು. ರೊಟ್ಟಿ ಬೇಯುವಾಗಲೂ ಟ್ಯಾಬು ಪಕ್ಕದಲ್ಲೇ. ಅವಳು ಗುಂಡಿ ಒತ್ತುವುದನ್ನು ಗೌಸ ನೋಡಿ, “ಬಲಗೈ ರಿಟೈರ್ ಆತು, ಎಡಗೈಗೆ ಬಡತಿ ಸಿಕ್ತು,” ಎಂದ. ರುಕ್ಮವ್ವನ ಬದಲು ಅವನನ್ನೇ ಎದುರಿಗೆ ಕೂಡಿಸಿ “ಹೌದವ್ವ” ಅನ್ನಿಸಿದಳು. ಅವನು ಬೇಕೆಂದೇ ತಡ ಮಾಡುತ್ತಿದ್ದ, ಒಮ್ಮೊಮ್ಮೆ ಎದ್ದು ನೀರು ಕುಡಿದು ಬಂದು ಅನ್ನುತ್ತಿದ್ದ. ಅವಳಿಗೆ ಅದೂ ಬೇಕಾಗಿತ್ತು. ಮೂರನೆಯ ದಿನಕ್ಕೆ ಒಂದು ಮಾತು ಅವಳ ಗಮನಕ್ಕೆ ಬಂತು. ಸ್ವರದ ಮನೆಗಳಲ್ಲಿ ದಾರಿ ತಪ್ಪುತ್ತಿದ್ದ ಎಡಗೈ ಈ ಗುಂಡಿಯ ಮೇಲೆ ಒಂದು ಸಲವೂ ತಡವರಿಸಲಿಲ್ಲ. ಯಾವಾಗ ಒತ್ತಬೇಕು, ಎಷ್ಟು ಹೊತ್ತು ಹಿಡಿಯಬೇಕು, ಯಾವಾಗ ಬಿಡಬೇಕು, ಇದಿಷ್ಟನ್ನೇ ಅದು ಜೀವಮಾನವೆಲ್ಲ ಮಾಡಿದ್ದು.

ಶ್ರಾವಣದ ಮೊದಲ ಸೋಮವಾರ ದೀಪ ಹಚ್ಚುವ ಹೊತ್ತಿಗೆ ಪಡಸಾಲೆ ತುಂಬಿತ್ತು. ಚಾಂದಬಿ ಟ್ಯಾಬನ್ನು ಸಿದ್ದಲಿಂಗವ್ವನಿಗೆ ಕಾಣದಂತೆ ತನ್ನ ಮೊಣಕಾಲಿನ ಮರೆಗೆ ಇಟ್ಟುಕೊಂಡಳು. ಮೊದಲನೆಯ ನುಡಿಯ ಕೊನೆಗೆ ಸಿದ್ದಲಿಂಗವ್ವನ ಕಣ್ಣು ಅಭ್ಯಾಸದಿಂದ ಕೆಂಪು ಗೆರೆಯನ್ನು ಹುಡುಕಿತು. ಅದು ಸಿಗದೆ ರುಕ್ಮವ್ವನ ಕಡೆ ತಿರುಗಿತು. ರುಕ್ಮವ್ವ ಸ್ವಲ್ಪ ತಡೆದು ಅಂದಳು. ಬೆರಳು ಎದ್ದಿತು, ಪಿಯಾನೊ ಮುಂದೆ ಹೋಯಿತು.

ಎರಡನೆಯ ನುಡಿಯಲ್ಲಿ ರುಕ್ಮವ್ವ ಅನ್ನಲಿಲ್ಲ. ಸಿದ್ದಲಿಂಗವ್ವ ಉಸಿರು ಮುಗಿದು ಇನ್ನೊಮ್ಮೆ ಏರಿಸಿದಳು. ಅದೂ ಮುಗಿಯಿತು, ಮತ್ತೆ ಏರಿಸಿದಳು. ತಾಳದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಾಂದಬಿ ಈ ಸಲ ಎಣಿಸಲಿಲ್ಲ. ಷಡ್ಜ ಕೆಳಗೆ ಒಂದೇ ಸಮನೆ ಬೀಳುತ್ತಿತ್ತು. ಮುದುಕಿಯ ದವಡೆ ಜಗಿಯುವುದನ್ನು ನಿಲ್ಲಿಸಿದ್ದು ಅವಳಿಗೆ ಕಾಣಿಸಿತು. “ಹೌದವ್ವ” ಎಂದು ಕೇಳಿಸುವುದಕ್ಕೂ ಬೆರಳು ಏಳುವುದಕ್ಕೂ ನಡುವೆ ಸಂದು ಇರಲಿಲ್ಲ. ಹಾಡು, ತಾಳ, ಪಿಯಾನೊ ಮೂರೂ ಒಟ್ಟಿಗೆ ಇಳಿದವು.

ಮಂಗಳಾರತಿ ಆದ ಮೇಲೆ ಹೆಂಗಸರು ಪ್ರಸಾದ ತಿನ್ನುತ್ತಿದ್ದಾಗ ಸಿದ್ದಲಿಂಗವ್ವ ಚಾಂದಬಿಯ ಕಡೆ ತಿರುಗಿದಳು. ಹೊಗಳಲಿಲ್ಲ.

“ನಾ ಮ್ಯಾಲ ಹಿಡದಾಗ ಹಿಂದ ಯಾರೋ ಬಾಗಲಾ ಬಡದಂಗ ಆಗತದ,” ಎಂದಳು. “ಅದನ್ನ ಮೆತ್ತಗ ಮಾಡಸು. ರೇವಪ್ಪಗ ಬ್ಯಾಡಂತ ಫೋನ್ ಮಾಡತೀನಿ.”

ಚಾಂದಬಿ ಆಗಲ್ರಿ ಎಂದು ಪ್ರಸಾದದ ತಟ್ಟೆ ತೆಗೆದುಕೊಂಡಳು. ಬಾಗಿಲು ಬಡಿದಂತೆ ಆಗುವುದು ಅವಳಿಗೂ ಕೇಳಿಸಿತ್ತು. ಹೊಡೆತ ಸಣ್ಣದು ಮಾಡಿದರೆ ತಾಳದ ಸದ್ದಿನಲ್ಲಿ ಷಡ್ಜ ಮುಳುಗಿಹೋಗುತ್ತದೆ, ದೊಡ್ಡದು ಮಾಡಿದರೆ ಬಾಗಿಲು. ಅದರ ನಡುವಿನ ಜಾಗ ಎಲ್ಲಿದೆ ಎಂದು ಅವಳಿಗೆ ಇನ್ನೂ ಗೊತ್ತಿಲ್ಲ.

ಬಿಳೂರಿನ ಸ್ಪರ್ಧೆಗೆ ಹದಿಮೂರು ದಿನ ಇವೆ. ಬರುವ ಗುರುವಾರ ಚಾಂದಬಿ ಮುಂಜಾನೆಯ ಬಸ್ಸಿಗೆ ಜತ್ತಕ್ಕೆ ಹೋಗಿ, ರವಿಕುಮಾರನ ಅಂಗಡಿಯಲ್ಲಿ ಕೂತು, ಆ ಒಂದು ಷಡ್ಜದ ಸದ್ದನ್ನು ಸರಿ ಮಾಡಿಸಿಕೊಂಡು ಬರುತ್ತಾಳೆ.