ಶವದ ಮುಂದೆ ನಡೆಯುವವರ ಮುಂದಿನ ಹಲ್ಲು

ಕಡಲತೀರದ ಊರು ತಾಂಜಾದ ಮೀನುಮಾರುಕಟ್ಟೆಯ ಹಿಂದೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಲೆ ತಡೆಯಲು ಪೇರಿಸಿದ ಕಲ್ಲುಗಳ ಮೇಲೆ ಕೂತು ತಿಬುರ್ಸಿಯೊ ಮಗ್ದಾಮಿತ್ ಕ್ಲಾರಿನೆಟ್‌ನಲ್ಲಿ ಒಂದೇ ಸ್ವರವನ್ನು ಉಸಿರು ಮುಗಿಯುವ ತನಕ ಎಳೆಯುತ್ತಾರೆ. ದೋಣಿಯಿಂದ ಬುಟ್ಟಿ ಇಳಿಸುತ್ತಿರುವ ಹೆಂಗಸೊಬ್ಬಳು, ಅಲ್ಲಿ ಹಿರಿಯರನ್ನು ಕರೆಯುವಂತೆ 'ಮಾಂಗ್' ಸೇರಿಸಿ, ಕೂಗುತ್ತಾಳೆ: "ಮಾಂಗ್ ತಿಬೊ, ಇವತ್ತು ಯಾರದು?"

"ಇವತ್ತು ಯಾರದೂ ಇಲ್ಲಮ್ಮ. ಸುಮ್ನೆ ಬಾಯಿ ಪಳಗಿಸ್ತಿದೀನಿ."

ಊರಿನ ಶವಯಾತ್ರೆಗಳ ಮುಂದೆ ನಡೆಯುವ ಬ್ಯಾಂಡಿನಲ್ಲಿ ಅವರು ಹುಡುಗನಾಗಿದ್ದಾಗಿನಿಂದ ಇದ್ದಾರೆ. ಸಾವಿಲ್ಲದ ದಿನ ಬೈಕಿನ ಪಕ್ಕಕ್ಕೆ ಗಾಡಿ ಜೋಡಿಸಿದ ಬಾಡಿಗೆ ಟ್ರೈಸಿಕಲ್ ಓಡಿಸುತ್ತಾರೆ. ಶವಯಾತ್ರೆಯಲ್ಲಿ ಊದುವವರತ್ತ ಯಾರೂ ನೋಡುವುದಿಲ್ಲ. ಆದರೆ ಕಳೆದ ವರ್ಷ ಒಂದು ದಿನ ಇಡೀ ಮೆರವಣಿಗೆ ಅವರತ್ತ ತಿರುಗಿ ನೋಡಿತು. ಅದನ್ನು ಹೇಳುವಾಗ ಅವರು ಕಥೆ ಕೇಳಲು ಬಂದ ನನ್ನ ಮುಖ ನೋಡುವುದಿಲ್ಲ.

ಕ್ಲಾರಿನೆಟ್ ಊದುವವರು ಮೇಲಿನ ಮುಂದಿನ ಹಲ್ಲನ್ನು ಅದರ ಬಾಯಿಗೆ ಒತ್ತಿ ಹಿಡಿಯಬೇಕು. ಹಿಂದೆಂದೋ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದ ಅವರ ಆ ಹಲ್ಲು ಮತ್ತೆ ಮಿಡಿಯತೊಡಗಿತ್ತು. ವಸಡಿನ ಮೇಲೆ ಗುಳ್ಳೆ ಎದ್ದು, ಒಡೆದು, ಕೀವು ಬರುತ್ತಿತ್ತು. ಅವರು ಯಾರಿಗೂ ಹೇಳಲಿಲ್ಲ. "ಕದ್ದು ತಿನ್ನೋರ ಥರ ಗೋಡೆ ಕಡೆ ತಿರುಗಿ ಊಟ ಮಾಡ್ತಿದ್ರು. ನನ್ನ ಮೇಲೆ ಏನೋ ಕೋಪ ಅಂದ್ಕೊಂಡಿದ್ದೆ," ಎನ್ನುತ್ತಾರೆ ಹೆಂಡತಿ ಲೂಮಿಂಗ್.

ಅಷ್ಟರಲ್ಲಿ ತಿಬೊಗೆ ಓದು ಕಲಿಸಿದ್ದ ಮೆನೆಲಿಯೊ ಮೇಷ್ಟ್ರು ತೀರಿಕೊಂಡರು. ಅವರ ಶವಯಾತ್ರೆ ಚರ್ಚಿನ ಮೆಟ್ಟಿಲ ಹತ್ತಿರ ಬಂದಾಗ ನೋವು ನೆತ್ತಿಗೇರಿತು. ಹಲ್ಲು ಜಾರಿ ಕ್ಲಾರಿನೆಟ್ ತುಳಿಸಿಕೊಂಡ ಬಾತುಕೋಳಿಯ ಹಾಗೆ ಕಿರುಚಿತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ನಗು ಸಾಲಿನುದ್ದಕ್ಕೂ ಹರಿಯಿತು. ಮೇಷ್ಟ್ರ ಹೆಂಡತಿ ಪಾಸಿಂಗಮ್ಮ ತಲೆ ಇನ್ನಷ್ಟು ತಗ್ಗಿಸಿದರು.

"ನಕ್ಕೋರ ತಪ್ಪೇನಿಲ್ಲ. ಆದ್ರೆ ಅದು ಮೇಷ್ಟ್ರ ಕೊನೇ ದಾರಿ. ಕೆಡಿಸಿದ್ದು ನಾನು."

ಅಂದಿನಿಂದ ಮೇಷ್ಟ್ರ ಮನೆಯ ಬೀದಿಗೆ ಹೋಗಬೇಕಾದ ಸವಾರಿಯನ್ನೇ ಅವರು ಒಪ್ಪುತ್ತಿರಲಿಲ್ಲ. ಡ್ರಮ್ಮಿನ ಗೆಳೆಯ ಬಿನಿಂಗ್, "ಕಿತ್ತು ಬಿಸಾಕೋ ಮಾರಾಯ, ಕಟ್ಟಿಸ್ಕೊಂಡ್ರಾಯ್ತು," ಎಂದ. ಆದರೆ ಕಟ್ಟಿಸಿಕೊಂಡ ಹಲ್ಲು ಊದುವಾಗ ಅಲ್ಲಾಡಿದರೆ? ಕೊನೆಗೆ ಲೂಮಿಂಗ್ ಕೈಹಿಡಿದು ದಂತವೈದ್ಯೆ ಅಂಪಾರೊ ಅವರ ಬಳಿ ಎಳೆದೊಯ್ದರು.

"ಡಾಕ್ಟ್ರಮ್ಮ, ಸ್ವಲ್ಪ ದೂರ ನಿಲ್ಲಿ. ವಾಸನೆ ಬರುತ್ತೆ."

"ದೂರ ನಿಂತು ನೋಡೋಕೆ ದುರ್ಬೀನು ತರ್ಬೇಕಾಗುತ್ತೆ ಮಾಂಗ್. ಬಾಯಿ ತೆಗೀರಿ."

ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ಮಚ್ಚೆ ಕಂಡಿತು. "ಕ್ಯಾಪ್ ನಿಲ್ಲೋಕೆ ಬೇರೊಳಗೆ ಇಟ್ಟಿರೋ ಗೂಟ ಕೀಳೋಕೆ ಹೋದ್ರೆ ಬೇರು ಸೀಳಬಹುದು. ವಸಡು ಬಿಡಿಸಿ ಆ ಕಡೆಯಿಂದ ಹೋಗೋಣ. ಬೇರಿನ ತುದಿ ಕೊಯ್ದು, ಕೊಳೆತದ್ದು ತೆಗೆದು, ಅಲ್ಲೇ ಮುಚ್ಚಿ ಹೊಲೀತೀನಿ. ಉಳಿಯುತ್ತೆ ಅಂತ ಆಣೆ ಮಾಡಲ್ಲ," ಎಂದರು ವೈದ್ಯೆ.

ಮರಗಟ್ಟಿದ ತುಟಿಯ ಮೇಲೆ ಯಂತ್ರ ಗುಂಯ್‌ಗುಡುವಾಗ ನೋವಿರಲಿಲ್ಲವಂತೆ. ಕಣ್ಣಲ್ಲಿ ಮಾತ್ರ ನೀರು. ಹೊಲಿಗೆ ಬಿಚ್ಚಿದ ಮೇಲೂ ತಿಂಗಳುಗಟ್ಟಲೆ ಊದುವಂತಿರಲಿಲ್ಲ. ಬ್ಯಾಂಡಿನ ಹಿಂದೆ ಛತ್ರಿ ಹಿಡಿದು ನಡೆದರು. ಕಡೆಗೊಮ್ಮೆ ಎಕ್ಸ್‌ರೇಯಲ್ಲಿ ಆ ಮಚ್ಚೆಯ ಜಾಗದಲ್ಲಿ ಮೂಳೆ ತುಂಬಿಕೊಳ್ಳುತ್ತಿರುವುದು ಕಂಡಿತು.

ಮೇಷ್ಟ್ರು ತೀರಿಕೊಂಡು ವರ್ಷ ತುಂಬಿದ ದಿನ ಕರೆಯದಿದ್ದರೂ ಆ ಮನೆಗೆ ಹೋದರು. ಪಾಸಿಂಗಮ್ಮ ಬಾಗಿಲಲ್ಲೇ ನಿಂತಿದ್ದರು.

"ಅವತ್ತು... ನಿಮಗೆ ಕೇಳಿಸ್ತೋ ಏನೋ," ಎಂದು ಇವರು ತಡವರಿಸಿದರು.

"ಕೇಳಿಸ್ತು," ಎಂದರು ಪಾಸಿಂಗಮ್ಮ. "ಈಗ ನುಡಿಸು."

ಅಂಗಳದಲ್ಲಿ ನಿಂತು ಅವತ್ತು ಕೆಟ್ಟ ಆ ರಾಗವನ್ನು ಮೊದಲಿಂದ ಕೊನೆಯವರೆಗೂ ನುಡಿಸಿದರು. ಆಕೆ ಒಳಗೆ ಹೋಗಿ ಊಟಕ್ಕೆ ಇನ್ನೊಂದು ತಟ್ಟೆ ಇಟ್ಟರು.

"ನಾಚಿಕೆ ಹೋಗಿಲ್ಲ," ಎನ್ನುತ್ತಾರೆ ತಿಬೊ. "ಆದ್ರೆ ಆ ಬೀದೀಲಿ ಗಾಡಿ ಓಡಿಸ್ತೀನಿ." ಇನ್ನೇನು ಆಸೆ ಎಂದು ಕೇಳಿದರೆ ಕ್ಲಾರಿನೆಟ್‌ನ ಬಾಯಿ ಒರೆಸುತ್ತಾರೆ.

"ಈ ಹಲ್ಲು ಇನ್ನಷ್ಟು ವರ್ಷ ಕೂತಿರ್ಲಿ. ಊರಲ್ಲಿ ನನಗಿಂತ ದೊಡ್ಡೋರು ಇನ್ನೂ ಇದಾರೆ. ಅವರನ್ನೆಲ್ಲ ಸರಿಯಾಗಿ ಕಳಿಸಿಕೊಟ್ಟು ಆಮೇಲೆ ಹೋಗ್ತೀನಿ."