ನಿಂಬೆಹಣ್ಣಿಗೆ ಮುರಿದ ಸೈಕಲ್

ಕಳೆದ ವರ್ಷದ ಮಹಾನವಮಿ. ಲಿಂಗಸುಗೂರಿನ ನಮ್ಮ ಮನೆಯಂಗಳದಲ್ಲಿ ಗಾಡಿಗಳ ಪೂಜೆ. ಗಂಡನ ಬೈಕು, ನನ್ನ ಸ್ಕೂಟಿ, ಅವೆರಡಕ್ಕಿಂತ ಮುಂದೆ ಮಾವನವರ ಹಳೆಯ ರೇಸ್ ಸೈಕಲ್. ಬಾಗಿದ ಹ್ಯಾಂಡಲ್, ತೆಳ್ಳನೆಯ ಗಾಲಿ, ಅಪ್ಪಟ ಉಕ್ಕು. ಎಪ್ಪತ್ತು ದಾಟಿದರೂ ಮಾವ ಪ್ರತಿ ದಸರೆಗೆ ಅದರ ಮೇಲೆಯೇ ಮಸ್ಕಿಗೆ ಹೋಗಿ ತಂಗಿಗೆ ಬನ್ನಿ ಕೊಟ್ಟು ಬರುವವರು. ಆ ರಸ್ತೆಯಲ್ಲಿ ಭತ್ತದ ಲಾರಿಗಳು ಮೈಮೇಲೆಯೇ ಬರುತ್ತವೆ. ಅವರು ಮರಳುವ ತನಕ ನನಗೆ ತುತ್ತು ಇಳಿಯುತ್ತಿರಲಿಲ್ಲ.

ಹಬ್ಬ ಬಂತೆಂದರೆ ಸೈಕಲ್ಲಿಗೆ ಮಾವನೇ ಹೊಸ ಬಣ್ಣ ಬಳಿಯುವುದು. ಹಳೆಯದನ್ನು ಕೆರೆಯುವುದಿಲ್ಲ, ಅದರ ಮೇಲೆಯೇ ಇನ್ನೊಂದು ಪದರ. ಹಬ್ಬಕ್ಕೆ ಎರಡು ದಿನ ಮೊದಲು ತೊಳೆಯುವಾಗ ಹ್ಯಾಂಡಲ್ ಕೆಳಗಿನ ಪೈಪಿನಲ್ಲಿ ಕೂದಲೆಳೆಯಂಥ ಗೆರೆ ಕಂಡೆ. ತುಕ್ಕಿನ ನೀರು ಇಳಿದಿತ್ತು.

“ಮಾವ, ಇಲ್ಲಿ ಸೀಳಿದಂಗ ಕಾಣಾಕತ್ತೈತ್ರಿ. ಹೋದ ವರ್ಷಾನೂ ಇಲ್ಲೇ ಇತ್ತು. ಈ ಸಲ ಬಸ್ಸಿಗೆ ಹೋಗ್ರಿ.”

“ಬಣ್ಣ ಬಿರಿದೈತಿ ಯವ್ವಾ, ಅಷ್ಟ. ಇದು ಉಕ್ಕು. ನಿನ್ನ ಸ್ಕೂಟಿಯಂಗ ಪ್ಲಾಸ್ಟಿಕ್ ಅಲ್ಲ,” ಎಂದು ಗೆರೆಯ ಮೇಲೆ ಮತ್ತೆ ಮತ್ತೆ ಬ್ರಷ್ ಎಳೆದರು. ಗಂಡನ ಮುಖ ನೋಡಿದೆ. ಆ ಮಹಾರಾಯ, “ಅಪ್ಪಗ ಯಾರು ಹೇಳಬೇಕು?” ಎಂದು ಒಳಗೆ ನಡೆದ.

ಪೂಜೆಯಾಯಿತು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟೆವು. ಮಾವ ಶಲ್ಯ ಸರಿಮಾಡಿಕೊಂಡು ಸೈಕಲ್ ಏರಿ ಪೆಡಲ್ ಮೇಲೆ ಭಾರ ಹಾಕಿದರು. ನಿಂಬೆಹಣ್ಣು ಪಚ್ಚೆಂದಿತು, ಜೊತೆಗೇ ಟಣ್ಣೆಂದು ಇನ್ನೊಂದು ಸದ್ದು. ಪೈಪು ಕಿತ್ತು ಬಂದು, ಮುಂದಿನ ಗಾಲಿ ಮಡಚಿ, ಮಾವ ಕುಂಕುಮದ ತಟ್ಟೆಯ ಮೇಲೆ ಬಿದ್ದರು. ಅಯ್ಯೋ ನನ್ನಪ್ಪಾ! ಆ ಕೆಂಪು ಕಂಡು ನನ್ನ ಜೀವವೇ ಹೋಯಿತು. ನೋಡಿದರೆ ಮೊಣಕಾಲು ತರಚಿದ್ದು ಬಿಟ್ಟರೆ ಮಿಕ್ಕಿದ್ದೆಲ್ಲ ಕುಂಕುಮ.

ಪೈಪು ಮುರಿದ ಕಡೆ ಬಣ್ಣದ ಪದರಗಳು ಕಾಣುತ್ತಿದ್ದವು: ಹಸಿರು, ನೀಲಿ, ಕೆಂಪು. ಒಳಗೆ ಬರೀ ತುಕ್ಕಿನ ಪುಡಿ. ಮಾವ ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಇದೇ ಮರುದಿನ ಲಾರಿಯ ಮುಂದೆ ಆಗಿದ್ದರೆ?

ದಸರೆಯ ದಿನ ಮಾವ, ನಾನು ಇಬ್ಬರೂ ಬಸ್ಸಿನಲ್ಲಿ ಮಸ್ಕಿಗೆ ಹೋದೆವು. ಬನ್ನಿ ಇಸಿದುಕೊಂಡ ತಂಗಿ, “ಅಣ್ಣಾ, ಸೈಕಲ್ ಎಲ್ಲೈತೋ?” ಎಂದು ಕೇಳಿದರು.

ಮಾವ ನನ್ನ ಕಡೆ ಬೆರಳು ತೋರಿಸಿದರು. “ಈಕಿ ಅದನ್ನ ಒಯ್ಯಬ್ಯಾಡ್ರಿ ಅಂದ್ಳು. ನಾ ಕೇಳಲಿಲ್ಲವ್ವಾ. ಸೈಕಲ್ ಕೇಳ್ತು.”

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಕಣ್ಣು ತುಂಬಿತ್ತು.

ಈಗ ಯಾರಾದರೂ ಹಳೆಯ ಗಾಡಿಗೆ ಹೊಸ ಬಣ್ಣ ಹಚ್ಚಿಸಿ ತಂದರೆ, ಚೆಂದ ಐತಿ ಎನ್ನುವ ಮೊದಲೇ, “ಕೆರೆದು ನೋಡಿದ್ರೇನ್ರಿ?” ಎಂದು ಕೇಳಿಬಿಡುತ್ತೇನೆ. ಮುಖ ಸಿಂಡರಿಸಿಕೊಂಡರೆ ಸಿಂಡರಿಸಿಕೊಳ್ಳಲಿ, ಸಂಜೆಗೆ ಮನೆ ಸೇರಿದರೆ ಸಾಕು.