ಥರ್ಜಾಳ ಬಲಗೈ

ಚಹಾ ಜೊತೆ ತಿನ್ನುವ ಸ್ಕೋನ್ ಬನ್ನು ವಾಲಿದರೆ ಕಡಲ ತೀರದ ಪೋರ್ತ್‌ವೀನ್‌ನಲ್ಲಿ ಯಾರೂ ಒಲೆಯನ್ನು ದೂರುವುದಿಲ್ಲ, ಮಾಡಿದ ಕೈಯನ್ನು ದೂರುತ್ತಾರೆ. ಅಚ್ಚನ್ನು ಹಿಟ್ಟಿನ ಮೇಲೆ ನೇರ ಒತ್ತಿ ನೇರ ಎತ್ತಬೇಕು. ಕೂದಲೆಳೆಯಷ್ಟು ತಿರುಚಿದರೂ ಉಬ್ಬುವಾಗ ಒಂದು ಪಕ್ಕಕ್ಕೆ ಬಾಗುತ್ತದೆ. ಈ ಊರಿನ ಹೆಂಗಸರಿಗೆ ಅಂಥ ಒಂದು ಸ್ಕೋನ್ ಸಿಕ್ಕರೆ ಸಾಕು, ಮಾಡಿದವಳ ಜಾತಕವನ್ನೇ ಬಿಡಿಸಿಡುತ್ತಾರೆ.

ಆ ಭಾನುವಾರ ಬೆಳಿಗ್ಗೆ ಥರ್ಜಾ ನಾನ್‌ಕ್ಯಾರೋಳ ಮುಂದೆ ತಟ್ಟೆ ತುಂಬ ವಾಲಿದ ಸ್ಕೋನ್‌ಗಳಿದ್ದವು. ಗಂಡ ಸಮುದ್ರದ ಪಾಲಾದ ಮೇಲೆ ಮೀನಿಗೆ ಉಪ್ಪು ಹಾಕಿ, ಕಂಡವರ ಬಟ್ಟೆ ಒಗೆದು ಬದುಕಿದವಳು. ಅವಳಿಗಿದ್ದ ಹಿರಿಮೆ ಒಂದೇ: ಊರ ಪ್ರಾರ್ಥನಾಮಂದಿರ ಚಾಪೆಲ್ಲಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಟೀ ಕೂಟಕ್ಕೆ ಸ್ಕೋನ್ ಸುಡುವುದು. ಚಳಿಗಾಲದಿಂದ ಬಲಗೈ ನಡುಗುತ್ತಿತ್ತು. ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಗೊತ್ತಾದರೆ ಆ ಜಾಗ ನಾದಿನಿ ಲವ್‌ಡೇಗೆ ಹೋಗುತ್ತದೆ. ಅದರ ಮೇಲೆ ಅವಳ ಕಣ್ಣು ಇಂದು ನಿನ್ನೆಯದಲ್ಲ.

ವಾಲಿದ್ದನ್ನೆಲ್ಲ ಹಂದಿಗೆ ಸುರಿದು, ಯೀಸ್ಟ್ ಹಾಕಿ ಬೇರೆ ಹಿಟ್ಟು ಕಲಸಿದಳು. ಸೀಳಿ ತಿನ್ನುವ ಹಳೇ ಕಾಲದ ಮೆತ್ತನೆ ಬನ್ನು, ಸ್ಪ್ಲಿಟ್ ಮಾಡಿದರಾಯಿತು. ಅದಕ್ಕೆ ಅಚ್ಚು ಬೇಡ, ಸ್ಕೋನಿನಷ್ಟು ಬೆಣ್ಣೆಯೂ ಬೇಡ, ಅಂಗೈಯಲ್ಲಿ ಉಂಡೆ ಕಟ್ಟಿದರೆ ಸಾಕು. ನಡುಗುವ ಕೈಯೂ ಉಂಡೆ ಕಟ್ಟುತ್ತದೆ. ಆದರೆ ಹಿಟ್ಟು ಉಬ್ಬಬೇಕಲ್ಲ! ಮಧ್ಯಾಹ್ನದ ಪ್ರಾರ್ಥನೆಯ ಗಂಟೆ ಹೊಡೆದರೂ ಅದು ಸೋಮಾರಿಯಂತೆ ಬಿದ್ದುಕೊಂಡಿತ್ತು.

"ಏಳೇ ಮಾರಾಯ್ತಿ, ಮರ್ಯಾದೆ ಉಳ್ಸೇ" ಎಂದು ಬೋಗುಣಿಯನ್ನು ಮಡಿಲಲ್ಲಿಟ್ಟುಕೊಂಡು ಒಲೆ ಮುಂದೆ ಕೂತಳು. ಅಂತೂ ಕೊನೆಯ ಹಾಡಿನ ಹೊತ್ತಿಗೆ ಸ್ಪ್ಲಿಟ್ ಬೆಂದವು. ಮೆತ್ತಗಿರಲೆಂದು ಬಿಸಿಬಿಸಿಯಾಗಿಯೇ ಬಟ್ಟೆಯಲ್ಲಿ ಸುತ್ತಿ ಚಾಪೆಲ್ಲಿಗೆ ಓಡಿದಳು.

ಜನ ಅವನ್ನು ಸೀಳಿ, ಜ್ಯಾಮ್ ಹಚ್ಚಿ, ಮೇಲೆ ಕೆನೆ ಹೇರಿಕೊಂಡರು.

"ಏನ್ ಥರ್ಜಮ್ಮಾ, ಈ ಸಲ ಹಳೇ ಕಾಲದ ರುಚಿ!" ಎಂದ ದೋಣಿಯ ಡೆನ್ಜಿಲ್.

"ಮೊದ್ಲು ಮೀಸೆ ಒರೆಸ್ಕೊ. ಅರ್ಧ ಕೆನೆ ಅದೇ ತಿಂತಿದೆ" ಎಂದಳು ಥರ್ಜಾ. ಎಲ್ಲರೂ ನಕ್ಕರು. ಗೆದ್ದೆ ಅಂದುಕೊಂಡಳು.

ಅಷ್ಟರಲ್ಲಿ ಪಾದ್ರಿಗಳು, "ಬನ್ನಿ ಥರ್ಜಾ, ಚಹಾ ಬಗ್ಗಿಸಿ, ಗಂಟಲು ಒಣಗ್ತಿದೆ" ಎಂದು ಕರೆದರು.

ಥರ್ಜಾ ಬಲಗೈಯನ್ನು ಏಪ್ರನ್ನಿನೊಳಗೆ ಸೇರಿಸಿದಳು. ವಾಡಿಕೆಯಂತೆ ತಿಂಡಿ ಸುಟ್ಟವಳೇ ಮೊದಲ ಕಪ್ಪು ಬಗ್ಗಿಸಬೇಕು, ಅಲ್ಲಿಯವರೆಗೆ ಯಾರೂ ಕುಡಿಯುವಂತಿಲ್ಲ. ಹಿಟ್ಟಿನ ಚಿಂತೆಯಲ್ಲಿ ಅದನ್ನೇ ಮರೆತಿದ್ದಳು ಪುಣ್ಯಾತ್ಗಿತ್ತಿ! ಚಾಪೆಲ್ಲಿನ ಕೆಟಲ್ಲೋ ಎರಡು ಕೈಯಲ್ಲಿ ಎತ್ತುವಷ್ಟು ಭಾರ. ಎಲ್ಲರ ಕಣ್ಣೂ ಅವಳ ಮೇಲೆ.

ಲವ್‌ಡೇ ಪಕ್ಕಕ್ಕೆ ಬಂದು ನಿಂತು ಪಿಸುಗುಟ್ಟಿದಳು: "ಕೈ ಯಾವಾಗಿಂದ ನಡುಗ್ತಿದೆ ಅತ್ತಿಗೆ?"

"ಯಾರಂದ್ರು ನಿಂಗೆ?"

"ಸ್ಪ್ಲಿಟ್ ನೋಡ್ದಾಗ್ಲೇ ಗೊತ್ತಾಯ್ತು. ನಮ್ಮಮ್ಮನೂ ಒಂದ್ ವರ್ಷ ಹೀಗೇ ಅಚ್ಚು ಬಿಟ್ಟು ಸ್ಪ್ಲಿಟ್ ಮಾಡಿದ್ಲು. ಮುದುಕಿ ಬೆಣ್ಣೆ ಉಳಿಸ್ತಾಳೆ ಅಂತ ನೀನು ಊರೆಲ್ಲ ಆಡ್ಕೊಂಡೆ. ಮುಂದಿನ್ ವರ್ಷ ಅವಳ ಜಾಗದಲ್ಲಿ ನೀನಿದ್ದೆ. ಅವಳಿಗೆ ಕೈ ನಡುಗ್ತಿತ್ತು ಅತ್ತಿಗೆ. ಯಾರಿಗೂ ಹೇಳ್ಬೇಡ ಅಂದಿದ್ಲು, ಹೇಳ್ಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ!"

ಅಂದು ಅತ್ತೆ ಇದೇ ಮೇಜಿನ ಬಳಿ ಕೈಗಳನ್ನು ಏಪ್ರನ್ನಿನೊಳಗೆ ಮುಚ್ಚಿಕೊಂಡು ಸುಮ್ಮನೆ ನಿಂತದ್ದು ಥರ್ಜಾಳ ಕಣ್ಣಿಗೆ ಕಟ್ಟಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ವರ್ಷ ಈ ಹುಡುಗಿ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೇಗೆ ತನ್ನ ಕೈಯ ಸ್ಕೋನ್ ತಿಂದಳೋ!

ಥರ್ಜಾ ಬಲಗೈಯನ್ನು ಏಪ್ರನ್ನಿನಿಂದ ತೆಗೆದು ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟಳು. ಪಕ್ಕದ ಚಮಚ ಕಿಣಿಕಿಣಿ ಅಂದಿತು.

"ನೋಡ್ರಪ್ಪಾ, ಈ ಕೈ ಕೈಕೊಟ್ಟಿದೆ. ನಂಗಾಗಲ್ಲ. ನಮ್ಮತ್ತೆಗೂ ಹೀಗೇ ಆಗಿತ್ತು, ನಾನು ನಕ್ಕಿದ್ದೆ. ಲವ್‌ಡೇ, ನೀನೇ ಬಗ್ಸು."

ಲವ್‌ಡೇ ಕೆಟಲ್ ಎತ್ತಿದಳು. ಪಾದ್ರಿಗಳು ಕಪ್ಪು ಮುಂದೆ ಚಾಚಿದರು. ಅವಳು ಅದನ್ನು ದಾಟಿ ಹೋಗಿ ಥರ್ಜಾಳ ಕಪ್ಪಿಗೆ ಬಗ್ಗಿಸಿದಳು. ನಡುಗುವ ಕೈಯಲ್ಲೂ ತುಳುಕದ ಹಾಗೆ, ಅರ್ಧವೇ ಬಗ್ಗಿಸಿದ್ದಳು.